ಕಿನ್ನರ ರಾಜನನ್ನು ನಾನು ಎಬ್ಬಿಸಿದ್ದು

ಹೊಲಿಗೆ ಡಬ್ಬಿಯ ತಳದಲ್ಲಿ ಎರಡು ಕಿವಿ ಸಿಕ್ಕವು. ಗಾಬರಿಯಾಗಬೇಡಿ, ಬಟ್ಟೆಯವು. ನಮ್ಮವರ ಪ್ಯಾಂಟಿನ ಗುಂಡಿ ಬಿದ್ದುಹೋಗಿತ್ತು. ಅದಕ್ಕೆ ಹೊಂದುವಂಥದ್ದು ಹುಡುಕೋಣವೆಂದು ಹಳೆಯ ನೀಲಿ ಬಿಸ್ಕತ್ತಿನ ಡಬ್ಬಿಯನ್ನು ಮಂಚದ ಮೇಲೆ ಸುರಿದಿದ್ದೆ. ದಾರದುಂಡೆ, ಪಿನ್ನು, ಯಾವ ಕಾಲದ್ದೋ ರವಿಕೆಯ ಹುಕ್ಕು, ಇವುಗಳ ನಡುವೆ ತುದಿ ಚೂಪಾದ ಎರಡು ಉದ್ದ ಕಿವಿ. ಅಂಗಡಿಯವಳು ಮೈಬಣ್ಣ ಎಂದು ಕೊಟ್ಟ ಬಟ್ಟೆ ಅದು. ಅಮೆರಿಕದ ಅಂಗಡಿಯ ಮೈಬಣ್ಣ ನಮ್ಮ ಯಾವ ಮಗುವಿನ ಮೈಗೂ ಹೊಂದುವುದಿಲ್ಲವಾದ್ದರಿಂದ ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿದ್ದೆ. ಹಿಂದೆ ಹೇರ್‌ಕ್ಲಿಪ್ ಹೊಲಿದದ್ದೂ ಹಾಗೇ ಇತ್ತು.

"ಇನ್ನೂ ಇಟ್ಕೊಂಡಿದೀಯಾ ಅದನ್ನ?" ಎಂದರು ನಮ್ಮವರು. ನಾನು ಕಿವಿಗಳ ಸುಕ್ಕನ್ನು ಬೆರಳಿನಿಂದ ನೇರ ಮಾಡಿದೆ. ಅವರು "ಗುಂಡಿ ಸಿಕ್ತಾ?" ಎಂದು ಕೇಳಿ ಹೋದರು.

ಈ ಕಿವಿಗಳ ವಿಷಯ ಹೇಳಬೇಕಾದರೆ ಆಲ್ವರೆನ್ ಮಹಾರಾಜರ ವಿಷಯ ಹೇಳಬೇಕು. ಅದಕ್ಕೂ ಮೊದಲು ನನ್ನ ಎಂ.ಎ. ಪದವಿಯ ವಿಷಯ. ಕನ್ನಡದಲ್ಲಿ ಎಂ.ಎ. ಮಾಡಿ ಅಮೆರಿಕಕ್ಕೆ ಬಂದವಳ ಸ್ಥಿತಿ ಹೇಗಿರುತ್ತದೆಂದು ನೀವೇ ಊಹಿಸಿಕೊಳ್ಳಿ. ಹಳಗನ್ನಡದ ಛಂದಸ್ಸು ಅರೆದು ಕುಡಿದವಳು ಫೇರ್‌ಫ್ಯಾಕ್ಸಿನ ಡೇಕೇರೊಂದರಲ್ಲಿ ಮೂರು ವರ್ಷದ ಮಕ್ಕಳ ಮೂಗು ಒರೆಸುತ್ತಿದ್ದೆ. ಹಾಗಾಗಿ ನಮ್ಮ ಕನ್ನಡ ಸಂಘದವರು ಎಲಿಕಾಟ್ ಸಿಟಿಯಲ್ಲಿ ಭಾನುವಾರ ಮಕ್ಕಳಿಗೆ ಕನ್ನಡ ಪಾಠ ಶುರು ಮಾಡಬೇಕೆಂದಾಗ ನಾನು ಕರೆಯುವ ಮುಂಚೆಯೇ ಹೊರಟು ನಿಂತಿದ್ದೆ. ವಾಷಿಂಗ್ಟನ್ ಸುತ್ತಲಿನ ಬೆಲ್ಟ್‌ವೇ ಹೆದ್ದಾರಿ ಸುತ್ತಿಕೊಂಡು ಒಂದು ಗಂಟೆ ಡ್ರೈವ್ ಮಾಡಿ ಹೋಗಿ, ಯಾರದೋ ಮನೆಯ ಬೇಸ್‌ಮೆಂಟಿನಲ್ಲಿ ಹನ್ನೆರಡು ಮಕ್ಕಳಿಗೆ ಅ ಆ ಇ ಈ ಹೇಳಿಕೊಟ್ಟು, ಅವರ ಅಮ್ಮಂದಿರು ಕಟ್ಟಿಕೊಟ್ಟ ಚಿತ್ರಾನ್ನ ಹೊತ್ತು ವಾಪಸು ಬರುವಾಗ ನನಗೆ ವಿಶ್ವವಿದ್ಯಾಲಯದಿಂದ ಮರಳುತ್ತಿರುವಷ್ಟು ಜಂಬ.

ಮೇಧಾ ಆ ಹನ್ನೆರಡರಲ್ಲಿ ಒಬ್ಬಳು. ಹನ್ನೊಂದು ವರ್ಷ. ಅವಳ ಅಪ್ಪ ರಘುನಂದನ್, ಅಮ್ಮ ಭಾರತಿ, ಇಬ್ಬರೂ ಮೈಸೂರಿನವರು. ರಘು ವಾಷಿಂಗ್ಟನ್ನಿನಲ್ಲಿ ಯಾವುದೋ ಸರ್ಕಾರಿ ಕಚೇರಿಯ ಕಂಪ್ಯೂಟರ್ ಕೆಲಸದಲ್ಲಿದ್ದರು. ಬಹಳ ತಮಾಷೆಯ ಮನುಷ್ಯ. ಮಗಳನ್ನು ಕಾರಿನಲ್ಲಿ ಎಲ್ಲಿಗೆ ಕರೆದುಕೊಂಡು ಹೋದರೂ ಒಂದು ಕಥೆ ಹೇಳಬೇಕು. ಆ ಕಥೆಯ ನಾಯಕನೇ ಆಲ್ವರೆನ್, ಎಲ್ಫ್‌ಗಳ ರಾಜ. ಎಲ್ಫ್ ಎಂದರೆ ಇಂಗ್ಲಿಷ್ ಕಥೆಗಳಲ್ಲಿ ಬರುವ ಚೂಪು ಕಿವಿಯ ಮಾಯಾಜನ. ಉತ್ತರದ ಕಾಡಿನಲ್ಲಿ ಅವನ ಅರಮನೆ. ಎಲ್ಫ್‌ಗಳಿಗೆ ಮುಪ್ಪಿಲ್ಲ, ಅವನಿಗೆ ಸಾವಿರ ವರ್ಷವಾದರೂ ಒಂದು ಕೂದಲೂ ಬೆಳ್ಳಗಾಗಿರಲಿಲ್ಲ. ಹುಡುಗನಾಗಿದ್ದಾಗಲೇ ಒಬ್ಬ ರಾಕ್ಷಸ ಅವರ ನದಿಯನ್ನು ಚಾಪೆಯ ಹಾಗೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಓಡಿದಾಗ ಏಳು ಬೆಟ್ಟ ಅಟ್ಟಿಸಿಕೊಂಡು ಹೋಗಿ, ಕಸಿದು ತಂದು, ಮತ್ತೆ ಹಾಸಿದವನು. ಅತಿಥಿಗಳು ನಿಂತಿರುವಾಗ ತಾನು ಸಿಂಹಾಸನದಲ್ಲಿ ಕೂರುತ್ತಿರಲಿಲ್ಲ. ಹುರುಳಿಕಾಯಿ ಪಲ್ಯ ಮಾತ್ರ ಮುಟ್ಟುತ್ತಿರಲಿಲ್ಲ, ಏಕೆಂದರೆ ರಘುಗೂ ಅದು ಸೇರುತ್ತಿರಲಿಲ್ಲ.

ಇದೆಲ್ಲ ನನಗೆ ಗೊತ್ತಾದದ್ದು ಮೇಧಾ ತರಗತಿಯಲ್ಲಿ, "ಆಂಟಿ, ಎಲ್ಫ್‌ಗೆ ಕನ್ನಡದಲ್ಲಿ ಏನು?" ಎಂದು ಕೇಳಿದಾಗ. ಯಕ್ಷ ಎಂದೆ. ಯಕ್ಷರಿಗೆ ದೊಡ್ಡ ಹೊಟ್ಟೆ ಇರುತ್ತದೆಂದು ನೆನಪಾಗಿ, ಗಂಧರ್ವ ಎಂದೆ. "ಅವರು ಏನ್ ಮಾಡ್ತಾರೆ?" ಎಂದಳು. ಹಾಡುತ್ತಾರೆ ಎಂದೆ. "ಆಲ್ವರೆನ್ ಹಾಡಲ್ಲ, ಹೀ ಈಸ್ ಟೆರಿಬಲ್ ಅಟ್ ಇಟ್" ಎಂದಳು. ಕೊನೆಗೆ ಕಿನ್ನರ ಎಂದು ಒಪ್ಪಿಸಿದೆ. ಕಿನ್ನರರಿಗೆ ಕುದುರೆಯ ಮುಖ ಎಂದು ಎಂ.ಎ.ಯಲ್ಲಿ ಓದಿದ್ದನ್ನು ಮುಚ್ಚಿಟ್ಟೆ.

ಆ ವಸಂತದಲ್ಲಿ ರಘು ತಮ್ಮ ಅಣ್ಣನ ಮನೆಯ ಗೃಹಪ್ರವೇಶಕ್ಕೆಂದು ಒಬ್ಬರೇ ಮೈಸೂರಿಗೆ ಹೋದರು. ಕಥೆಯಲ್ಲಿ ಆಲ್ವರೆನ್ ಬೂದಿದೊರೆ ಎಂಬ ಶತ್ರುವಿನ ಮೇಲೆ ಯುದ್ಧಕ್ಕೆ ಸಮುದ್ರ ದಾಟಿ ಹೋಗುವಲ್ಲಿಗೆ ನಿಲ್ಲಿಸಿ, ಉಳಿದದ್ದು ಬಂದಮೇಲೆ ಹೇಳುತ್ತೇನೆಂದು ಮಗಳಿಗೆ ಮಾತು ಕೊಟ್ಟು ಹೋಗಿದ್ದರು. ಗೃಹಪ್ರವೇಶದ ಮರುದಿನ ಊಟ ಮಾಡಿ ಕೈ ತೊಳೆಯಲು ಎದ್ದವರು ಬಚ್ಚಲ ಬಾಗಿಲಲ್ಲೇ ಕುಸಿದರು. ಹೃದಯಾಘಾತ. ನಲವತ್ತೊಂದು ವರ್ಷ.

ಫೋನು ಬಂದಾಗ ಮೇಧಾ ಸ್ಕೂಲಿನಲ್ಲಿದ್ದಳು. ಅವಳು ಬರುವಷ್ಟರಲ್ಲಿ ನಾನೂ ಸಂಘದ ಕೆಲವರೂ ಅವರ ಮನೆಯಲ್ಲಿ ಸೇರಿದ್ದೆವು, ಎಲ್ಲ ತೀರ್ಮಾನವಾಗಿತ್ತು. ಮಗುವಿನ ಪಾಸ್‌ಪೋರ್ಟ್ ಅವಧಿ ಮುಗಿದಿದೆ, ಅವಳನ್ನು ಕರೆದೊಯ್ಯುವಂತಿಲ್ಲ. ಸ್ಕೂಲಿನಲ್ಲಿ ಪರೀಕ್ಷೆಗಳಿವೆ. ಭಾರತಿ ಒಬ್ಬಳೇ ಹೋಗಬೇಕು. ಮೈಸೂರಿನಿಂದ ರಘುವಿನ ಅಣ್ಣ ಹೇಳಿದ್ದರು: "ಮಗೂಗೆ ಈಗ್ಲೇ ಏನೂ ಹೇಳ್ಬೇಡಿ. ತಾಯಿ ಪಕ್ಕದಲ್ಲಿಲ್ಲದೆ ಹೇಗ್ ತಡ್ಕೊಳತ್ತೆ? ಹುಷಾರಿಲ್ಲ ಅಂತ ಹೇಳಿ ಸಾಕು." ಭಾರತಿ ಗೋಡೆ ನೋಡುತ್ತ ಕೂತಿದ್ದಳು. ನನ್ನ ಕಡೆ ತಿರುಗಿ, "ನೀವು ಬಂದು ಇರ್ತೀರಾ ಅವಳ ಜೊತೆ? ನಿಮಗೆ ಮಾತು ಬರತ್ತೆ" ಎಂದಳು.

ನನಗೆ ಮಾತು ಬರುತ್ತದೆ. ಅದು ನಿಜ.

ಡೇಕೇರಿಗೆ ರಜೆ ಹಾಕಿ ಮೂರು ವಾರ ಆ ಮನೆಯಲ್ಲಿ ಇದ್ದೆ. ಇಲ್ಲಿ ಸ್ವಲ್ಪ ಬೇರೆ ಕಡೆ ಹೋಗುತ್ತೇನೆ, ಕ್ಷಮಿಸಿ. ನನಗೆ ಆರು ವರ್ಷವಾಗಿದ್ದಾಗ ರಾಣೆಬೆನ್ನೂರಿನಲ್ಲಿ ನಮ್ಮ ಅಜ್ಜ ತೀರಿಕೊಂಡರು. ನನ್ನನ್ನು ಯಾರೂ ದೂರ ಕಳಿಸಲಿಲ್ಲ. ಅತ್ತೆ ನನ್ನನ್ನು ಎತ್ತಿಕೊಂಡು, "ನೋಡವ್ವಾ, ಅಜ್ಜ ಸತ್ತಾನ, ನೀರು ಬಿಡು" ಎಂದು ಅಜ್ಜನ ಬಾಯಿಗೆ ನನ್ನ ಕೈಯಿಂದ ಒಂದು ಉದ್ಧರಣೆ ನೀರು ಬಿಡಿಸಿದಳು. ನೀರು ಒಳಗೆ ಹೋಗದೆ ಗಲ್ಲದ ಮೇಲೆ ಇಳಿಯಿತು. ಆಗ ನನಗೆ ಅರ್ಥವಾಯಿತು. ಅತ್ತೆ, ಹೊರಗೆ ಹೋಗಿ ಆಡಿಕೋ ಎಂದಳು, ನಾನು ಆಡಿಕೊಂಡೆ. ಅಷ್ಟೇ. ಅಷ್ಟು ಸುಲಭವಾಗಿ ಕಲಿತದ್ದನ್ನು ನಾನು ಎಲ್ಲಿ ಕಳೆದುಕೊಂಡೆನೋ ಕಾಣೆ. ಇಲ್ಲಿ ಎಲಿಕಾಟ್ ಸಿಟಿಯ ಅಡುಗೆಮನೆಯಲ್ಲಿ ನಿಂತು, "ಅಪ್ಪಂಗೆ ಜ್ವರ ಇನ್ನೂ ಬಿಟ್ಟಿಲ್ವಂತೆ ಪುಟ್ಟಿ" ಎಂದು ದೋಸೆ ಮಗುಚುತ್ತಿದ್ದೆ.

"ಫೋನಲ್ಲಿ ಮಾತಾಡ್ಲಾ?"

"ಆಸ್ಪತ್ರೇಲಿ ಫೋನ್ ಇಲ್ಲ."

"ಆಸ್ಪತ್ರೆ ಅಂದ್ರೆ ಹಾಸ್ಪಿಟಲ್ ಅಲ್ವಾ? ಹಾಸ್ಪಿಟಲ್‌ನಲ್ಲಿ ಫೋನ್ ಇಲ್ವಾ?"

"ನಮ್ಮ ಕಡೆ ಹಂಗೇ."

ಮೈಸೂರಿನ ಮೇಲೆ ಇಂಥ ಸುಳ್ಳು ಹೇಳಿದ ಮೊದಲ ಕನ್ನಡ ಎಂ.ಎ. ನಾನೇ ಇರಬೇಕು. ಅವಳು ದಿನಕ್ಕೊಂದು ಕಾರ್ಡು ಮಾಡತೊಡಗಿದಳು. ಬಣ್ಣದ ಕಾಗದ, ಮೇಲೆ ಚೂಪು ಕಿವಿಯ ರಾಜ, ಒಳಗೆ ನಾನು ಕಲಿಸಿದ ಕನ್ನಡದಲ್ಲಿ, 'ಅಪ್ಪ ಬೇಗ ಹುಶಾರಗು'. ನಾನು, "ಶಕಾರ ಅಲ್ಲ, ಷಕಾರ. ರಾ, ದೀರ್ಘ" ಎಂದು ತಿದ್ದುತ್ತಿದ್ದೆ. ತಿದ್ದಿಸಿಕೊಂಡು, "ಪೋಸ್ಟ್ ಮಾಡ್ತೀರಾ?" ಎಂದು ನನ್ನ ಕೈಗೆ ಕೊಡುತ್ತಿದ್ದಳು. ಮಾಡ್ತೀನಿ ಎನ್ನುತ್ತಿದ್ದೆ. ಯಾವ ವಿಳಾಸಕ್ಕೆ? ಹದಿನೇಳು ಕಾರ್ಡುಗಳೂ ನನ್ನ ಸೂಟ್‌ಕೇಸಿನಲ್ಲಿ ಸೀರೆಯ ಕೆಳಗಿದ್ದವು.

ಭಾರತಿ ಹಿಂದಿರುಗಿದ ದಿನ ಡಲೆಸ್ ಏರ್‌ಪೋರ್ಟಿಗೆ ನಾನೇ ಮೇಧಾಳನ್ನು ಕರೆದುಕೊಂಡು ಹೋದೆ. ಭಾರತಿ ಹೊರಗೆ ಬಂದಳು. ಮೇಧಾ ಅಮ್ಮನ ಹತ್ತಿರ ಓಡಲಿಲ್ಲ. ಅವಳ ಹಿಂದಿದ್ದ ಬಾಗಿಲನ್ನೇ ನೋಡುತ್ತ ನಿಂತಳು. ಬಾಗಿಲು ತೆರೆಯಿತು, ಯಾರೋ ಸರ್ದಾರ್ಜಿ ಬಂದರು. ಮತ್ತೆ ತೆರೆಯಿತು, ಒಂದು ಗಾಲಿಕುರ್ಚಿ ಬಂತು. ಆಮೇಲೆ ಅವಳು ನನ್ನ ಕಡೆ ತಿರುಗಿದಳು, ಅಮ್ಮನ ಕಡೆಗಲ್ಲ. ಆ ನೋಟವನ್ನು ವರ್ಣಿಸಲು ಹೋಗುವುದಿಲ್ಲ.

ಸೂಟ್‌ಕೇಸಿನಿಂದ ಕಾರ್ಡುಗಳನ್ನು ತೆಗೆದು ಭಾರತಿಯ ಕೈಗೆ ಕೊಟ್ಟು ಫೇರ್‌ಫ್ಯಾಕ್ಸಿಗೆ ಬಂದೆ. ಅವಳು ಎಲ್ಲಿಟ್ಟಳೋ, ಮೇಧಾ ಕಂಡುಹಿಡಿದಳು.

ಬೇಸಿಗೆ ಕಳೆದು ಮತ್ತೆ ಪಾಠ ಶುರುವಾದಾಗ ಮೇಧಾ ಬಂದಳು. ನನ್ನ ಜೊತೆ ಮಾತು ಕಡಿಮೆ, ಬರವಣಿಗೆ ಹೆಚ್ಚು. ಅದರ ಮುಂದಿನ ವರ್ಷ ದೀಪಾವಳಿ ಕಾರ್ಯಕ್ರಮಕ್ಕೆ ಮಕ್ಕಳಿಂದ ಒಂದು ನಾಟಕ ಆಗಬೇಕೆಂದು ಸಂಘದವರು ಹೇಳಿದಾಗ, ಯಾರಾದರೂ ಒಂದು ಕಥೆ ಬರೆದು ತನ್ನಿ ಎಂದು ಮಕ್ಕಳಿಗೆ ಹೇಳಿದೆ. ಮೇಧಾ ಒಂದು ನೋಟ್‌ಬುಕ್ ತಂದುಕೊಟ್ಟಳು. ಇಪ್ಪತ್ತೆರಡು ಪುಟ, ಪೂರಾ ಕನ್ನಡ. ತಪ್ಪು ಎಷ್ಟಿದ್ದರೇನು! ಇಡೀ ಅಮೆರಿಕದಲ್ಲಿ ನನಗೆ ಯಾರೂ ಕೊಡದ ಗೌರವ ಅದು.

"ಫಸ್ಟ್ ಹಾಫ್ ಅಪ್ಪ ಹೇಳಿದ್ದು. ಉಳಿದಿದ್ದು ನಾನು" ಎಂದಳು.

ಉಳಿದದ್ದು ಹೀಗಿತ್ತು. ಸಮುದ್ರದಾಚೆ ಬೂದಿದೊರೆಯ ಸೈನ್ಯ ಅಟ್ಟಿಸಿಕೊಂಡು ಬಂದಾಗ ಆಲ್ವರೆನ್ ಒಂದು ಮರದ ಸೇತುವೆಯ ಮೇಲೆ ಒಬ್ಬನೇ ನಿಲ್ಲುತ್ತಾನೆ. ತನ್ನವರೆಲ್ಲ, ಕೊನೆಗೆ ಒಂದು ಕುಂಟು ಹೇಸರಗತ್ತೆಯೂ, ದಾಟುವ ತನಕ ಹೋರಾಡಿ, ಸೇತುವೆಯ ಕಂಬಕ್ಕೆ ಒರಗಿ ಕೂತು ಸಾಯುತ್ತಾನೆ. ಸುದ್ದಿಯನ್ನು ಹಕ್ಕಿಯೊಂದು ಅರಮನೆಗೆ ತರುತ್ತದೆ. ಮಂತ್ರಿಗಳು ಹಕ್ಕಿಯನ್ನು ಪಂಜರದಲ್ಲಿಟ್ಟು, ಸುಗ್ಗಿ ಮುಗಿಯುವ ತನಕ ಯಾರಿಗೂ ಹೇಳಬಾರದು ಎಂದು ನಿಶ್ಚಯಿಸುತ್ತಾರೆ. ರಾಜನಿಗೆ ಜ್ವರ ಎನ್ನುತ್ತಾರೆ. ರಾಜಕುಮಾರಿ ದಿನವೂ ಅಪ್ಪನಿಗೆ ಓಲೆ ಬರೆಯುತ್ತಾಳೆ, ಮಂತ್ರಿಗಳು ಅದನ್ನು ಪೆಟ್ಟಿಗೆಯಲ್ಲಿ ಹಾಕುತ್ತಾರೆ. ಕೊನೆಗೆ ಅವಳು ಪೆಟ್ಟಿಗೆ ಒಡೆದು, ಪಂಜರ ತೆರೆದು, ಊರ ಮಧ್ಯೆ ನಿಂತು, 'ರಾಜ ಸತ್ತಿದ್ದಾನೆ. ಎಲ್ಲರೂ ಅಳಬಹುದು' ಎನ್ನುತ್ತಾಳೆ. ಅಲ್ಲಿಗೆ ನಾಟಕ ಮುಗಿಯುತ್ತದೆ.

ನನಗೆ ಅರ್ಥವಾಗಲಿಲ್ಲ ಎಂದು ಹೇಳಿದರೆ ನೀವು ನಂಬಬೇಡಿ. ಮೊದಲ ಓದಿಗೇ ಅರ್ಥವಾಯಿತು. ಕೆಂಪು ಪೆನ್ನು ಕೆಳಗಿಟ್ಟು ಅತ್ತುಬಿಟ್ಟೆ ಕೂಡ. ಇದನ್ನೇ ಆಡಿಸುತ್ತೇನೆ ಎಂದು ಮೇಧಾಳಿಗೆ ಮಾತು ಕೊಟ್ಟೆ. ಅವಳೇ ರಾಜಕುಮಾರಿ. ಎಲ್ಲರಿಗೂ ಕಿವಿ ಹೊಲಿದೆ.

ಸಂಘದ ಸಭೆ ನಮ್ಮ ಮನೆಯಲ್ಲೇ ಸೇರಿತು. ಬಿಸಿಬೇಳೆಬಾತ್ ಮಾಡಿದ್ದೆ. ಅಧ್ಯಕ್ಷ ನಾಗೇಶ್ ಕಥೆ ಕೇಳಿಸಿಕೊಂಡು, "ಆಳ್ವ ಅಂದ್ರೆ? ಮಂಗಳೂರು ಕಡೆಯವರಾ?" ಎಂದರು. ಎಲ್ಲರೂ ನಕ್ಕೆವು. ಆಮೇಲೆ ಅವರು ಚಮಚ ಕೆಳಗಿಟ್ಟು, "ಎಲ್ಲಾ ಚೆನ್ನಾಗಿದೆ ಮೇಡಂ. ಆದ್ರೆ ದೀಪಾವಳಿ ದಿನ ಸ್ಟೇಜ್ ಮೇಲೆ ಹೆಣ ಇಡ್ತೀರೇನ್ರೀ? ಜನ ರೇಷ್ಮೆ ಸೀರೆ ಉಟ್ಕೊಂಡ್ ಬಂದಿರ್ತಾರೆ" ಎಂದರು.

ಬಾಲ್ಟಿಮೋರಿನಲ್ಲಿ ಮಕ್ಕಳ ಡಾಕ್ಟರಾಗಿದ್ದ ಶಾಂತಾ ಪಾಟೀಲರು ಬಾಗಲಕೋಟೆಯವರು. ಅವರೊಬ್ಬರೇ ಎದುರಾಡಿದರು. "ಆ ಕೂಸು ತನ್ನ ಹೊಟ್ಟ್ಯಾಗಿಂದು ಬರದೈತ್ರಿ. ರಾಜ ಸತ್ರ ಸಾಯ್ಲಿ ಬಿಡ್ರಿ. ನಮ್ಮ ಸೀರಿ ಏನ್ ಹರೀತಾವೇನು?"

"ಡಾಕ್ಟ್ರೇ, ಹಬ್ಬ ಹಬ್ಬಾನೇ. ಕೊನೇಲಿ ಎಲ್ಲರೂ ದೀಪ ಹಚ್ತಾರೆ, ಆ ಬೆಳಕಿಗೆ ರಾಜ ಎದ್ದು ಕೂರ್ತಾನೆ. ಥೀಮ್‌ಗೂ ಸರಿಹೋಗತ್ತೆ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ಭಾರತಿಯ ಕಡೆ ನೋಡಿದೆ. ಅವಳು ಅಷ್ಟು ಹೊತ್ತೂ ಮೂಲೆಯಲ್ಲಿ ಕೂತು ಪೇಪರ್ ತಟ್ಟೆಯ ಅಂಚು ಹರಿಯುತ್ತಿದ್ದಳು. ತಲೆ ಎತ್ತದೆ, "ಎಬ್ಬಿಸಿ ಬಿಡಿ. ಸ್ಟೇಜ್ ಮೇಲಾದ್ರೂ ಏಳ್ಲಿ" ಎಂದಳು.

ಅದನ್ನು ಕೇಳಿದ ಮೇಲೆ ಶಾಂತಾ ಪಾಟೀಲರೂ ಸುಮ್ಮನಾದರು. ನಾನು ಭಾರತಿಗೋಸ್ಕರ ಬದಲಾಯಿಸಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಅಧ್ಯಕ್ಷರು ಆ ಮಾತೆತ್ತಿದಾಗಲೇ ನನ್ನ ತಲೆಯಲ್ಲಿ ಹೊಸ ಕೊನೆಯ ಸಂಭಾಷಣೆ ಶುರುವಾಗಿತ್ತು, ಪ್ರಾಸದ ಸಮೇತ. ಸ್ಮರಣ ಸಂಚಿಕೆಯಲ್ಲಿ 'ರಚನೆ' ಎಂಬುದರ ಮುಂದೆ ನನ್ನ ಹೆಸರು ಬರುತ್ತದೆಂದೂ ಗೊತ್ತಿತ್ತು.

ಮುಂದಿನ ಭಾನುವಾರ ಹೊಸ ಪುಟಗಳನ್ನು ಮೇಧಾಳಿಗೆ ಕೊಟ್ಟೆ. ಬೆರಳಿಟ್ಟುಕೊಂಡು ನಿಧಾನವಾಗಿ ಓದಿದಳು. ಕೂಗಾಡಿದ್ದರೆ ಚೆನ್ನಾಗಿತ್ತು.

"ಆಂಟಿ, ಹೀ ಹ್ಯಾಸ್ ಟು ಡೈ."

"ಹಬ್ಬ ಅಲ್ವಾ ಪುಟ್ಟಿ, ಎಲ್ಲರೂ ಖುಷಿಯಾಗಿ ಮನೆಗೆ ಹೋಗ್ಬೇಕು."

"ಅಪ್ಪ ಎದ್ದಿಲ್ಲ."

"ಇದು ನಾಟಕ ಕಣೇ."

"ನೀವು ಮತ್ತೆ ಸುಳ್ಳು ಹೇಳ್ತಿದೀರಾ" ಎಂದಳು. ವಾಕ್ಯದಲ್ಲಿ ಒಂದು ತಪ್ಪೂ ಇರಲಿಲ್ಲ. ನಾನು ಕಲಿಸಿದ ಕನ್ನಡ.

ಆದರೂ ನಾಟಕ ಬಿಡಲಿಲ್ಲ ಅವಳು. ಬಿಡುತ್ತೇನೆಂದಿದ್ದರೆ ಭಾರತಿ ಅಳುತ್ತಿದ್ದಳು, ಅದಕ್ಕೇ ಇರಬೇಕು. ದೀಪಾವಳಿಯ ದಿನ ಬಾಡಿಗೆಗೆ ಹಿಡಿದ ಹೈಸ್ಕೂಲ್ ಆಡಿಟೋರಿಯಂ ತುಂಬಿತ್ತು. ಸೇತುವೆಯ ಕಾಳಗಕ್ಕೆ ಜನ ಶಿಳ್ಳೆ ಹೊಡೆದರು. ರಾಜ ಕಂಬಕ್ಕೆ ಒರಗಿದ. ಮಕ್ಕಳು ದೀಪ ಹಿಡಿದು ಸುತ್ತ ಬಂದರು. ರಾಜ ಕಣ್ಣು ಬಿಟ್ಟ, ಎದ್ದು ನಿಂತ. ಒಂದು ಕಿವಿ ಜಾರಿ ಹೆಗಲ ಮೇಲೆ ಬಿದ್ದಿತ್ತು, ಯಾರಿಗೂ ಕಾಣಲಿಲ್ಲ. ಈಗ ರಾಜಕುಮಾರಿ ಓಡಿ ಬಂದು, 'ಅಪ್ಪಾ, ಎದ್ದಿರಾ!' ಎನ್ನಬೇಕು. ಮೇಧಾ ಓಡಲೂ ಇಲ್ಲ, ಅನ್ನಲೂ ಇಲ್ಲ. ಕೈಯಲ್ಲಿ ದೀಪ ಹಿಡಿದು ಸಭಿಕರನ್ನು ನೋಡುತ್ತ ನಿಂತಳು.

ಪರದೆಯ ಪಕ್ಕದಿಂದ ನಾನು ಪಿಸುಗುಟ್ಟಿದೆ: "ಅಪ್ಪಾ ಎದ್ದಿರಾ ಅನ್ನು." ಅವಳು ನನ್ನ ಕಡೆ ಒಮ್ಮೆ ನೋಡಿ ಮತ್ತೆ ಸಭಿಕರನ್ನು ನೋಡಿದಳು. ಜನ ಕೆಮ್ಮಿದರು. ಮುಂದಿನ ಸಾಲಿನಲ್ಲಿ ನಾಗೇಶ್ ಕುರ್ಚಿಯ ತುದಿಗೆ ಬಂದರು. ಆಗ ನಾನು ಮಾಡಿದ್ದನ್ನು ಈಗ ಬರೆಯಲೂ ಕೈ ಬರುವುದಿಲ್ಲ. ಪರದೆಯ ಮರೆಯಿಂದ, ಹುಡುಗಿಯ ದನಿ ಮಾಡಿಕೊಂಡು, ಇಡೀ ಆಡಿಟೋರಿಯಂಗೆ ಕೇಳುವ ಹಾಗೆ ನಾನೇ ಕೂಗಿದೆ: "ಅಪ್ಪಾ, ಎದ್ದಿರಾ!"

ಸಭೆ ಚಪ್ಪಾಳೆಯಲ್ಲಿ ಮುಳುಗಿತು. ಪರದೆ ಬಿತ್ತು. ನನಗೆ ಶಾಲು ಹೊದಿಸಿ ಗಂಧದ ಹಾರ ಹಾಕಿದರು. ಮೇಧಾ ಎಲ್ಲಿದ್ದಾಳೆಂದು ನೋಡಲು ಹೋಗಲಿಲ್ಲ, ಫೋಟೋ ತೆಗೆಯುತ್ತಿದ್ದರು.

ಅದಾದ ಮೇಲೆ ಅವಳು ಪಾಠಕ್ಕೆ ಬರಲಿಲ್ಲ. ಚಳಿಗಾಲ ಮುಗಿಯುವ ಹೊತ್ತಿಗೆ ಭಾರತಿಗೆ ಉತ್ತರ ಕೆರೊಲಿನಾದ ಷಾರ್ಲಟ್‌ನಲ್ಲಿ ಕೆಲಸ ಸಿಕ್ಕಿ ತಾಯಿ ಮಗಳು ಅಲ್ಲಿಗೆ ಹೋದರು. ಯುಗಾದಿಗೊಂದು ಫೋನು, ದಸರೆಗೊಂದು ಫೋನು. ಮೇಧಾ ಯಾವಾಗಲೂ ಸ್ನಾನಕ್ಕೆ ಹೋಗಿರುತ್ತಿದ್ದಳು.

ಎರಡು ವರ್ಷದ ನಂತರ ಅಟ್ಲಾಂಟಾದಲ್ಲಿ ನಮ್ಮವರ ಕಡೆಯ ಒಂದು ಮದುವೆ ಬಂತು. ಕಾರಿನಲ್ಲೇ ಹೊರಟೆವು, ದಾರಿಯಲ್ಲಿ ಷಾರ್ಲಟ್. ಭಾರತಿ ಊಟಕ್ಕೆ ಕರೆದಿದ್ದಳು. ಮೇಧಾಗೆ ಈಗ ಹದಿನೈದು ತುಂಬಿತ್ತು, ಅಮ್ಮನಿಗಿಂತ ಎತ್ತರ. "ಹೈ ಆಂಟಿ, ಹೌ ವಾಸ್ ದ ಡ್ರೈವ್?" ಎಂದಳು. ಊಟ ಮುಗಿಯುವವರೆಗೂ ಒಂದು ಕನ್ನಡ ಮಾತು ಆಡಲಿಲ್ಲ. ಫೋನ್ ಬಂತು. ಅದರಲ್ಲಿ ಹತ್ತು ನಿಮಿಷ ನಕ್ಕು ಮಾತಾಡಿ ಬಂದಳು. ಭಾರತಿ ಸಮಾಧಾನದಿಂದ, "ಪಲ್ಲವಿ. ನಿಮ್ಮ ಕ್ಲಾಸಿನವಳೇ. ಇವಳಿಗೆ ಅಂತ ಉಳಿದಿರೋ ಫ್ರೆಂಡ್ ಅವಳೊಬ್ಬಳೇ. ಕಾಗದ ಕೂಡ ಬರೀತಾರೆ ಇಬ್ಬರೂ" ಎಂದಳು.

ಊಟವಾದ ಮೇಲೆ ಹಿಂದಿನ ಡೆಕ್ ಮೇಲೆ ನಾನೂ ಮೇಧಾನೂ ಇಬ್ಬರೇ ಆದೆವು. ದಾರಿಯುದ್ದಕ್ಕೂ ಉರು ಹೊಡೆದುಕೊಂಡು ಬಂದದ್ದನ್ನು ಹೇಳಿದೆ. ಜ್ವರ ಅಂದದ್ದು ತಪ್ಪು. ಕಾರ್ಡು ಬಚ್ಚಿಟ್ಟದ್ದು ತಪ್ಪು. ನಾಟಕ ಬದಲಾಯಿಸಿದ್ದು ತಪ್ಪು. ನಿನ್ನ ದನಿಯಲ್ಲಿ ಕೂಗಿದ್ದು ಎಲ್ಲಕ್ಕಿಂತ ದೊಡ್ಡ ತಪ್ಪು. ಇನ್ನು ಮೇಲೆ ನಿನಗೆ ಯಾವತ್ತೂ ಸುಳ್ಳು ಹೇಳುವುದಿಲ್ಲ.

ಅವಳು ಕೇಳಿಸಿಕೊಂಡಳು. "ಇಟ್ಸ್ ಓಕೆ, ಆಂಟಿ" ಎಂದಳು. ಆಮೇಲೆ, ಅಂದು ಮೊದಲ ಬಾರಿಗೆ ಕನ್ನಡದಲ್ಲಿ, "ಒಂದು ಕೇಳ್ಲಾ? ಆ ಮೂರು ವಾರ ಯಾರ್ಯಾರಿಗೆ ಗೊತ್ತಿತ್ತು?" ಎಂದಳು.

ನನಗೆ ಎದೆ ಹಗುರಾಯಿತು. ಕೇಳಿದ್ದಾಳೆ, ನಿಜ ಹೇಳುವ ಅವಕಾಶ ಸಿಕ್ಕಿದೆ. ಎಲ್ಲ ಹೇಳಿದೆ. ಸಂಘದವರಿಗೆಲ್ಲ ಗೊತ್ತಿತ್ತು. ದೇವಸ್ಥಾನದ ಅರ್ಚಕರಿಗೆ ಗೊತ್ತಿತ್ತು. ನಿನ್ನ ಟೀಚರಿಗೆ ನಾನೇ ಹೋಗಿ ಹೇಳಿದ್ದೆ. ಪಕ್ಕದ ಮನೆಯ ಅಮೆರಿಕನ್ ಅಜ್ಜಿಗೂ ಗೊತ್ತಿತ್ತು.

"ಪಲ್ಲವಿಗೆ?"

ಈಗಷ್ಟೇ ಕೊಟ್ಟ ಮಾತು ನೆನಪಾಯಿತು. "ಪಲ್ಲವಿಗೂ ಗೊತ್ತಿತ್ತು. ಅವರಮ್ಮ ಅವಳ ಎದುರಿಗೇ ಮಾತಾಡಿದ್ರು. ಸ್ಕೂಲ್ ಬಸ್ಸಲ್ಲಿ ನಿಂಗೆ ಏನೂ ಹೇಳ್ಬಾರ್ದು ಅಂತ ದೇವರ ಮೇಲೆ ಆಣೆ ಹಾಕಿಸಿದ್ರು."

ಮೇಧಾ ತಲೆಯಾಡಿಸಿದಳು, ಲೆಕ್ಕ ಸರಿ ಬಂತೆನ್ನುವ ಹಾಗೆ. "ಥ್ಯಾಂಕ್ ಯು ಫಾರ್ ಟೆಲಿಂಗ್ ಮಿ" ಎಂದು ಒಳಗೆ ಹೋಗಿ ನನಗೆ ಕಾಫಿ ತಂದುಕೊಟ್ಟಳು. ನಾನದನ್ನು ಕುಡಿದೆ. ಕಾರಿನಲ್ಲಿ ನಮ್ಮವರಿಗೆ, ಎಲ್ಲ ಹೇಳಿಕೊಂಡೆ, ಮನಸ್ಸು ಹಗುರವಾಯಿತು ಎಂದೆ. ಅಟ್ಲಾಂಟಾ ತಲುಪುವ ತನಕ ಚೆನ್ನಾಗಿ ನಿದ್ದೆ ಮಾಡಿದೆ.

ಒಂದೂವರೆ ತಿಂಗಳಾಗಿರಬೇಕು. ಭಾನುವಾರದ ಪಾಠಕ್ಕೆ ಪಲ್ಲವಿ ಎಲ್ಲರಿಗಿಂತ ಮುಂಚೆ ಬಂದಳು. ಕೈಯಲ್ಲಿ ಮೂರು ಲಕೋಟೆ. ಮೂರೂ ಅವಳೇ ಷಾರ್ಲಟ್‌ಗೆ ಬರೆದದ್ದು, ಮೂರೂ ಒಡೆಯದೆ ವಾಪಸು ಬಂದದ್ದು. ವಿಳಾಸದ ಮೇಲೆ ಗೆರೆ ಎಳೆದು ವಾಪಸು ಎಂದು ಬರೆದಿದ್ದ ಅಕ್ಷರ ಮೇಧಾಳದು.

"ಆಂಟಿ, ಫೋನೂ ತಗೊಳ್ತಿಲ್ಲ. ಅವಳಿಗೆ ಗೊತ್ತಾಗಿದೆ, ಅಲ್ವಾ?" ಪಲ್ಲವಿ ಲಕೋಟೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. "ಐ ವಾಂಟೆಡ್ ಟು ಟೆಲ್ ಹರ್. ದಿನಾ ಬಸ್ಸಲ್ಲಿ ಹೇಳ್ಬೇಕು ಅನ್ಕೊಳ್ತಿದ್ದೆ. ಅಮ್ಮ ಪ್ರಾಮಿಸ್ ಮಾಡ್ಸಿದ್ರು. ಯಾರು ಹೇಳಿದ್ದು ಆಂಟಿ ಅವಳಿಗೆ?"

ಮೆಟ್ಟಿಲ ಮೇಲೆ ಉಳಿದ ಮಕ್ಕಳು ಇಳಿದು ಬರುವ ಸದ್ದಾಯಿತು.

"ನಂಗೇನ್ ಗೊತ್ತಮ್ಮಾ" ಎಂದೆ ನಾನು, ಹಾಜರಿ ಪುಸ್ತಕ ತೆಗೆದೆ.